ಅಮೆರಿಕದ ಸಾಗರೋತ್ತರ ಸಾಮ್ರಾಜ್ಯವೂ ಶಾಲೆಯ ಭಾಷೆಯೂ

(ಶಾಲೆಯ ಶತಮಾನೋತ್ಸವದ ಅಂಗವಾಗಿ ವಾಗದರಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಕನ್ನಡ ಶಾಲೆಯೊಂದರ ನೂರು ವರ್ಷದ ಸಂಭ್ರಮದಲ್ಲಿ ಅಮೆರಿಕದ ಮಾತೇಕೆ ಎಂಬ ಪ್ರಶ್ನೆ ಸಭೆಯಲ್ಲಿ ಕೆಲವರಿಗಾದರೂ ಮೂಡಿರಬೇಕು. ಶಾಲೆಯ ಹುಟ್ಟು, ಅದನ್ನು ಕಟ್ಟಿದ ಮಹನೀಯರ ತ್ಯಾಗ, ಇಲ್ಲಿ ಪಾಠ ಹೇಳಿ ಹೋದ ಗುರುಗಳ ಸ್ಮರಣೆ ಇವೆಲ್ಲವನ್ನೂ ನಮಗಿಂತ ಬಲ್ಲವರು ಈ ವೇದಿಕೆಯಿಂದಲೇ ಹೇಳಿದ್ದಾರೆ. ನಮ್ಮ ಪಾಲಿಗೆ ಬಂದದ್ದು ಜಗತ್ತಿನ ಇತಿಹಾಸದಿಂದ ಒಂದು ಅಧ್ಯಾಯವನ್ನು ಆರಿಸಿಕೊಂಡು ವಿವರಿಸುವ ಕೆಲಸ. ಹಿರಿಯ ಇಯತ್ತೆಗಳ ಮಕ್ಕಳು ಸಾಮ್ರಾಜ್ಯಶಾಹಿ ಎಂಬ ಪಾಠವನ್ನು ಓದುತ್ತಾರೆ. ಇಂಗ್ಲೆಂಡು, ಫ್ರಾನ್ಸು, ಹಾಲೆಂಡುಗಳ ಹೆಸರು ಬಾಯಿಪಾಠವಾಗಿರುತ್ತದೆ. ಸ್ವತಃ ಇಂಗ್ಲೆಂಡಿನ ವಸಾಹತಾಗಿದ್ದು, ಹೋರಾಡಿ ಬಿಡಿಸಿಕೊಂಡ ಅಮೆರಿಕವು ನೂರಿಪ್ಪತ್ತು ವರ್ಷಗಳೊಳಗೆ ತಾನೇ ಕಡಲಾಚೆಯ ಜನರ ಒಡೆಯನಾದದ್ದು ಹೇಗೆ, ಅದಕ್ಕೆ ಪ್ರೇರಣೆಗಳೇನು ಎಂಬುದು ಮಾತ್ರ ಪುಸ್ತಕದಲ್ಲಿ ಒಂದೆರಡು ಸಾಲಿನಲ್ಲಿ ಮುಗಿಯುತ್ತದೆ. ಆ ಕಥೆಯಲ್ಲಿ ಶಾಲೆಯ ಭಾಷೆಗೆ ಸಂಬಂಧಿಸಿದ ಒಂದು ಭಾಗವಿದೆ. ನಾವು ಇದನ್ನು ಆರಿಸಿಕೊಳ್ಳಲು ಅದೇ ಮುಖ್ಯ ಕಾರಣ.

ನಮ್ಮ ಸೀಮೆಗೆ ಅಮೆರಿಕದ ಪರಿಚಯವಾದದ್ದು ಅರಳೆಯ ಮೂಲಕ. 1840ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿಯು ಅಮೆರಿಕದ ದಕ್ಷಿಣ ಪ್ರಾಂತ್ಯಗಳಿಂದ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಕರೆಸಿಕೊಂಡು, ನ್ಯೂ ಆರ್ಲಿಯನ್ಸ್ ಬೀಜವನ್ನು ಹಿಂದುಸ್ತಾನದ ಹಲವು ಕಡೆ ಬಿತ್ತಿಸಿತು. ಹೆಚ್ಚಿನ ಕಡೆ ಪ್ರಯೋಗ ಕೆಟ್ಟಿತು. ಧಾರವಾಡ, ಹುಬ್ಬಳ್ಳಿ, ಗದಗಿನ ಎರೆಭೂಮಿಯಲ್ಲಿ ಮಾತ್ರ ಬೇರೂರಿತು. ಮುಂದೆ ಆ ತಳಿಗೆ 'ಧಾರವಾಡ ಅಮೆರಿಕನ್' ಎಂದೇ ಹೆಸರಾಯಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಮೊದಲಾಗಿ, ದಕ್ಷಿಣದ ಬಂದರುಗಳಿಗೆ ಉತ್ತರದ ನೌಕಾಪಡೆ ದಿಗ್ಬಂಧನ ಹಾಕಿದಾಗ ಲ್ಯಾಂಕಾಶೈರಿನ ಗಿರಣಿಗಳು ಅರಳೆಯಿಲ್ಲದೆ ನಿಂತವು. ಅಲ್ಲಿಯವರೆಗೆ ಇಂಗ್ಲೆಂಡಿನ ಹತ್ತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಅಮೆರಿಕದಿಂದಲೇ ಹೋಗುತ್ತಿತ್ತು. ಈಗ ಮುಂಬಯಿ ಬಂದರಿನ ಹತ್ತಿಗೆ ಬಂಗಾರದ ಬೆಲೆ ಬಂತು. ಸೊಲ್ಲಾಪುರಕ್ಕೆ 1860ರಲ್ಲಷ್ಟೇ ರೈಲು ಮುಟ್ಟಿತ್ತು. ಸುತ್ತಣ ಸೀಮೆಯ ಹತ್ತಿ ಈಗ ರೈಲು ಹಿಡಿದು ಮುಂಬಯಿಗೆ ಹೋಗಬಹುದಾಗಿತ್ತು. 1865ರಲ್ಲಿ ಅಲ್ಲಿ ಯುದ್ಧ ನಿಂತಿತು, ಇಲ್ಲಿ ಬೆಲೆ ಬಿದ್ದಿತು, ಮುಂಬಯಿಯ ದೊಡ್ಡ ದೊಡ್ಡ ಸಾಹುಕಾರರು ದಿವಾಳಿಯಾದರು. ಸಾವಿರಾರು ಮೈಲಿಯಾಚೆ ಹಾರಿದ ತೋಪಿನ ಗುಂಡು ಎರೆಹೊಲದ ಒಕ್ಕಲಿಗನ ಚೀಲಕ್ಕೆ ತಗಲುತ್ತದೆಂಬುದನ್ನು ನಮ್ಮ ಹಿರಿಯರು ಆಗಲೇ ಕಂಡಿದ್ದರು.

ಎರಡನೆಯ ಪರಿಚಯ ಧರ್ಮಪ್ರಚಾರಕರ ಮೂಲಕ ಆಯಿತು. 1810ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಸೀಮೆಯ ಕ್ರೈಸ್ತರು ವಿದೇಶಗಳಲ್ಲಿ ಧರ್ಮಪ್ರಚಾರ ಮಾಡಲೆಂದು ಒಂದು ಮಂಡಳಿ ಕಟ್ಟಿದರು. 'ಅಮೆರಿಕನ್ ಬೋರ್ಡ್' ಎಂದು ಪ್ರಸಿದ್ಧವಾದ ಆ ಮಂಡಳಿಯ ಕಚೇರಿ ಬೋಸ್ಟನ್ ನಗರದಲ್ಲಿತ್ತು. ಅದರ ಮೊದಲ ಪ್ರಚಾರಕರಲ್ಲಿ ಇಬ್ಬರು, ಗಾರ್ಡನ್ ಹಾಲ್ ಮತ್ತು ಸ್ಯಾಮ್ಯುಯೆಲ್ ನಾಟ್, 1813ರಲ್ಲಿ ಮುಂಬಯಿಗೆ ಬಂದಿಳಿದಾಗ ಕಂಪನಿ ಸರಕಾರ ಅವರನ್ನು ಗಡೀಪಾರು ಮಾಡಲು ನೋಡಿತು. ಇಂಗ್ಲೆಂಡಿಗೂ ಅಮೆರಿಕಕ್ಕೂ ಆಗ ಯುದ್ಧ ನಡೆದಿತ್ತು. ಅರ್ಜಿ ಮೇಲೆ ಅರ್ಜಿ ಬರೆದು ಅವರು ಉಳಿದುಕೊಂಡರು. ಅಲ್ಲಿಂದ ಬೆಳೆದ ಅಮೆರಿಕನ್ ಮರಾಠಿ ಮಿಷನ್ ಅಹಮದನಗರಕ್ಕೆ ಹಬ್ಬಿ, 1860ರ ದಶಕದಲ್ಲಿ ಸೊಲ್ಲಾಪುರಕ್ಕೆ ಬಂತು. ಸೊಲ್ಲಾಪುರದಲ್ಲಿ ಅವರು ನಡೆಸಿದ ಹೆಣ್ಣುಮಕ್ಕಳ ಶಾಲೆಗೆ ವೊರೊನೊಕೊ ಎಂದು ಹೆಸರು. ಅದು ಮ್ಯಾಸಚೂಸೆಟ್ಸಿನ ಒಂದು ಸ್ಥಳದ ಹೆಸರು. ಅಲ್ಲಿನ ಮೂಲನಿವಾಸಿಗಳು ಇಟ್ಟದ್ದು. ಆ ಮೂಲನಿವಾಸಿಗಳು ತಮ್ಮ ನೆಲ ಕಳೆದುಕೊಂಡು ಚದುರಿಹೋದರು. ಹೆಸರೊಂದು ಮಾತ್ರ ಸಮುದ್ರ ದಾಟಿ ಸಿದ್ಧರಾಮನ ಸೊನ್ನಲಿಗೆಗೆ ಬಂದು ಶಾಲೆಯ ಬಾಗಿಲ ಮೇಲೆ ಕುಳಿತಿತು.

ಇದೇ ಬೋಸ್ಟನ್ ಮಂಡಳಿಯು 1819ರಲ್ಲಿ ಇನ್ನೊಂದು ತಂಡವನ್ನು ಪೆಸಿಫಿಕ್ ಮಹಾಸಾಗರದ ನಡುವಿನ ಹವಾಯಿ ದ್ವೀಪಗಳಿಗೆ ಹಡಗು ಹತ್ತಿಸಿತು. 1820ರಲ್ಲಿ ಅವರು ಅಲ್ಲಿ ಇಳಿದರು. ಆ ತಂಡದವರ ಮಕ್ಕಳು, ಮೊಮ್ಮಕ್ಕಳು ಮುಂದೆ ಏನು ಮಾಡಿದರೆಂಬುದನ್ನು ನೋಡಿದರೆ ಅಮೆರಿಕದ ಸಾಗರೋತ್ತರ ಸಾಮ್ರಾಜ್ಯದ ಎಲ್ಲ ಪ್ರೇರಣೆಗಳೂ ಒಂದೇ ಅಂಗಳದಲ್ಲಿ ಕಾಣಸಿಗುತ್ತವೆ.

ಹವಾಯಿ ಆಗ ಸ್ವತಂತ್ರ ರಾಜ್ಯ. ಅದಕ್ಕೆ ತನ್ನದೇ ರಾಜವಂಶವಿತ್ತು. ಪ್ರಚಾರಕರು ಮೊದಲು ಮಾಡಿದ ಕೆಲಸ, ನ್ಯಾಯವಾಗಿ ಹೇಳಬೇಕೆಂದರೆ, ಮೆಚ್ಚತಕ್ಕದ್ದೇ. ಹವಾಯಿ ಭಾಷೆಗೆ ಲಿಪಿ ಹೊಂದಿಸಿದರು, 1822ರಲ್ಲಿ ಅಚ್ಚುಕೂಟ ನಡೆಸಿದರು. ಅರಸರೂ ಪ್ರಜೆಗಳೂ ಓದುಬರಹಕ್ಕೆ ಹಾತೊರೆದು ಮುಗಿಬಿದ್ದರು. ಶತಮಾನದ ನಡುವಿನ ಹೊತ್ತಿಗೆ ಹವಾಯಿಯ ಸಾಕ್ಷರತೆ ಆ ಕಾಲದ ಜಗತ್ತಿನಲ್ಲೇ ಎತ್ತರದಲ್ಲಿತ್ತು. 1834ರಲ್ಲಿ ಹವಾಯಿ ಭಾಷೆಯ ಮೊದಲ ಪತ್ರಿಕೆ ಹೊರಬಂತು. ಮುಂದಿನ ಒಂದು ಶತಮಾನದಲ್ಲಿ ಅಂಥ ಪತ್ರಿಕೆಗಳು ನೂರರಷ್ಟು ಹುಟ್ಟಿದವು. ರಾಜ್ಯದ ಶಾಲೆಗಳಲ್ಲಿ ಮಕ್ಕಳು ತಮ್ಮ ನುಡಿಯಲ್ಲೇ ಭೂಗೋಲ, ಅಂಕಗಣಿತ ಕಲಿತರು. ನಮ್ಮ ಕಡೆಯಲ್ಲಿ ಇದಕ್ಕೆ ಹೋಲಿಸಬಹುದಾದ ಕಾಲ ಡೆಪ್ಯುಟಿ ಚನ್ನಬಸಪ್ಪನವರದು. ಕನ್ನಡನಾಡಿನ ಮಕ್ಕಳಿಗೆ ಮರಾಠಿ ಶಾಲೆಗಳೇ ಗತಿಯಾಗಿದ್ದಾಗ ಧಾರವಾಡ ಪ್ರಾಂತದಲ್ಲಿ ಊರೂರು ತಿರುಗಿ ಕನ್ನಡ ಶಾಲೆ ತೆರೆಸಿದ ಆ ಮಹಾನುಭಾವರು ತೀರಿಕೊಂಡದ್ದು 1881ರಲ್ಲಿ. ಅವರು ಇಲ್ಲಿ ಬಿತ್ತುತ್ತಿದ್ದ ವರ್ಷಗಳಲ್ಲಿ ಹವಾಯಿಯಲ್ಲಿ ಬೆಳೆದುನಿಂತ ಪೈರಿತ್ತು.

1863ರಲ್ಲಿ ಬೋಸ್ಟನ್ ಮಂಡಳಿಯು ದ್ವೀಪಗಳ ಜನ ಕ್ರೈಸ್ತರಾದರು, ತನ್ನ ಕೆಲಸ ಮುಗಿಯಿತು ಎಂದು ಅಲ್ಲಿಂದ ಕೈತೆಗೆಯಿತು. ಪ್ರಚಾರಕರ ಮನೆತನಗಳು ಮಾತ್ರ ಅಲ್ಲಿಯೇ ನೆಲೆನಿಂತಿದ್ದವು. ನೆಲವನ್ನು ಖಾಸಗಿಯಾಗಿ ಕೊಳ್ಳಲು ಕಾನೂನು ಅವಕಾಶ ಕೊಟ್ಟೊಡನೆ ಅವರಲ್ಲಿ ಹಲವರು ಭೂಮಾಲಿಕರಾದರು. ಮಂಡಳಿಯ ಸೇವೆಯಲ್ಲಿದ್ದ ಕಾಸಲ್ ಮತ್ತು ಕುಕ್ ಎಂಬಿಬ್ಬರು 1851ರಲ್ಲಿ ತೆರೆದ ಅಂಗಡಿಯು ಬೆಳೆದು ದ್ವೀಪಗಳ ದೊಡ್ಡ ಸಕ್ಕರೆ ವ್ಯಾಪಾರಿ ಸಂಸ್ಥೆಗಳಲ್ಲಿ ಒಂದಾಯಿತು. ಸೊಲ್ಲಾಪುರ ಜಿಲ್ಲೆಯವರಿಗೆ ಕಬ್ಬು ಮತ್ತು ರಾಜಕಾರಣದ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ.

1875ರಲ್ಲಿ ಹವಾಯಿಯ ದೊರೆಗೂ ಅಮೆರಿಕಕ್ಕೂ ಒಂದು ಒಪ್ಪಂದವಾಗಿ, ಹವಾಯಿಯ ಸಕ್ಕರೆಗೆ ಅಮೆರಿಕದಲ್ಲಿ ಸುಂಕ ತಪ್ಪಿತು. ಕಬ್ಬಿನ ತೋಟಗಳು ಕಣ್ಣೆದುರೇ ಹಿಗ್ಗಿದವು. ಚೀನ, ಜಪಾನುಗಳಿಂದ ಕರಾರಿನ ಕೂಲಿಗಳನ್ನು ತಂದರು. 1887ರಲ್ಲಿ ತೋಟದ ಒಡೆಯರೂ ಅವರ ವಕೀಲರೂ ಬಂದೂಕು ಹಿಡಿದ ಸ್ವಯಂಸೇವಕರನ್ನು ಮುಂದಿಟ್ಟುಕೊಂಡು ದೊರೆ ಕಲಾಕೌವಾನಿಂದ ಹೊಸ ಸಂವಿಧಾನಕ್ಕೆ ರುಜು ಹಾಕಿಸಿಕೊಂಡರು. ಜನ ಅದನ್ನು 'ಬಯೋನೆಟ್ ಸಂವಿಧಾನ' ಎಂದು ಕರೆದರು. ಆಸ್ತಿಯಿದ್ದವನಿಗೆ ಮತವೆಂಬ ನಿಯಮದಿಂದ ನೆಲದ ಮಕ್ಕಳಲ್ಲಿ ಬಹುಮಂದಿ ಮತ ಕಳೆದುಕೊಂಡರು. ಅದೇ ವರ್ಷ ಸುಂಕದ ಒಪ್ಪಂದ ಮುಂದುವರಿದಾಗ ಪರ್ಲ್ ಹಾರ್ಬರ್ ಎಂಬ ಸಹಜ ಬಂದರು ಅಮೆರಿಕದ ನೌಕಾಪಡೆಯ ಬಳಕೆಗೆ ಹೋಯಿತು.

1890ರಲ್ಲಿ ಅಮೆರಿಕದ ಸಂಸತ್ತು ಎಲ್ಲ ದೇಶಗಳ ಕಚ್ಚಾ ಸಕ್ಕರೆಯ ಮೇಲಿನ ಸುಂಕವನ್ನೂ ತೆಗೆದುಹಾಕಿ, ತನ್ನ ದೇಶದೊಳಗಿನ ಬೆಳೆಗಾರರಿಗೆ ಪೌಂಡಿಗೆ 2 ಸೆಂಟು ಸಹಾಯಧನ ಕೊಡತೊಡಗಿತು. ಹವಾಯಿಯ ಒಡೆಯರ ಲಾಭ ಒಂದೇ ಏಟಿಗೆ ಕುಸಿಯಿತು. ಈ ಪೆಟ್ಟಿಗೆ ಹಲವರು ಕಂಡ ಮದ್ದು ಹವಾಯಿಯನ್ನೇ ಅಮೆರಿಕದ ಒಳಗೆ ಸೇರಿಸಿಬಿಡುವುದು. ಅಷ್ಟರಲ್ಲಿ ಪಟ್ಟಕ್ಕೆ ಬಂದಿದ್ದ ರಾಣಿ ಲಿಲಿಯೋಕಲಾನಿ ಜನರ ಮತಾಧಿಕಾರವನ್ನು ಹಿಂದಿರುಗಿಸುವ ಹೊಸ ಸಂವಿಧಾನ ತರಲು ಹೊರಟಳು. 1893ರ ಜನವರಿ 17ರಂದು ಅವಳನ್ನು ಪಟ್ಟದಿಂದ ಇಳಿಸಲಾಯಿತು. ಸಂಚಿನ ಮುಂದಾಳು ಲೋರಿನ್ ಥರ್ಸ್ಟನ್ 1820ರ ಮೊದಲ ತಂಡದ ಪ್ರಚಾರಕರ ಮೊಮ್ಮಗ. ಹೊಸ ಸರಕಾರದ ಮುಖ್ಯಸ್ಥನಾದ ಸ್ಯಾನ್‌ಫರ್ಡ್ ಡೋಲ್ ಪ್ರಚಾರಕರ ಮಗ. ಅಮೆರಿಕದ ರಾಯಭಾರಿಯ ಅಪ್ಪಣೆಯಂತೆ ಯುದ್ಧನೌಕೆಯಿಂದ ಇಳಿದ 162 ಮಂದಿ ಸೈನಿಕರು ಅರಮನೆಯ ಸಮೀಪವೇ ಬೀಡುಬಿಟ್ಟರು. ಗುಂಡು ಹಾರಿಸುವ ಅಗತ್ಯವೇ ಅವರಿಗೆ ಬೀಳಲಿಲ್ಲ. ಆ ನೌಕೆಯ ಹೆಸರು 'ಬೋಸ್ಟನ್'. ಆಕಸ್ಮಿಕವೇ ಸರಿ, ಆದರೂ ಇತಿಹಾಸ ಕಲಿಸುವವರು ಹೇಳದೆ ಬಿಡಲಾರದಂಥ ಆಕಸ್ಮಿಕ.

ಒಂದೇ ಮಂಡಳಿ ಸೊಲ್ಲಾಪುರಕ್ಕೂ ಜನರನ್ನು ಕಳಿಸಿತು, ಹೊನೊಲುಲುವಿಗೂ ಕಳಿಸಿತು. ಸೊಲ್ಲಾಪುರದಲ್ಲಿ ಅವರು ಶಾಲೆ ನಡೆಸಿದರು, ಹೊಸ ಧರ್ಮವನ್ನು ಸಾರಿದರು, ಕೆಲವರು ಇಲ್ಲಿಯೇ ಮಣ್ಣಾದರು. ಹೊನೊಲುಲುವಿನಲ್ಲಿ ಅವರ ಸಂತತಿ ಸಿಂಹಾಸನ ಉರುಳಿಸಿತು. ಸೊಲ್ಲಾಪುರಕ್ಕೆ ಬಂದವರು ಹೆಚ್ಚು ಸಾತ್ವಿಕರಾಗಿದ್ದರೆಂದು ನಾವು ಭಾವಿಸುವುದಿಲ್ಲ. ಇಲ್ಲಿ ಆಗಲೇ ಒಬ್ಬ ಒಡೆಯನಿದ್ದ. ಇಂಗ್ಲಿಷರ ನೆಲದಲ್ಲಿ ಅಮೆರಿಕದವರು ಅತಿಥಿಗಳು. ಅಲ್ಲಿ ಕಾನೂನು ಬರೆಯುವವರೂ ಅವರೇ, ನೆಲ ಕೊಳ್ಳುವವರೂ ಅವರೇ, ಬೆಳೆದ ಸಕ್ಕರೆಗೆ ಪೇಟೆ ಹುಡುಕುವವರೂ ಅವರೇ ಆಗಿದ್ದರು. ಸಾಮ್ರಾಜ್ಯದ ಪ್ರೇರಣೆಯನ್ನು ವ್ಯಕ್ತಿಗಳ ಒಳ್ಳೆಯತನ ಕೆಟ್ಟತನಗಳಲ್ಲಿ ಹುಡುಕುವ ಅಭ್ಯಾಸವಿರುವವರು ಈ ಎರಡು ಊರುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು.

ಹಾಗಾದರೆ ಎಲ್ಲವೂ ಸಕ್ಕರೆಯ ಆಟವೇ? ಹಾಗೆಂದುಬಿಟ್ಟರೆ ಪಾಠ ಸುಲಭವಾಗುತ್ತದೆ, ಆದರೆ ನಿಜವಾಗುವುದಿಲ್ಲ. ಹವಾಯಿಯ ಸಕ್ಕರೆ ದೊರೆಯೆನಿಸಿದ್ದ ಕ್ಲಾಸ್ ಸ್ಪ್ರೆಕಲ್ಸ್ ವಿಲೀನವನ್ನು ವಿರೋಧಿಸಿದ. ಅಮೆರಿಕದ ಕಾನೂನು ಬಂದರೆ ಏಷ್ಯದ ಕರಾರು ಕೂಲಿಗಳು ಸಿಗುವುದಿಲ್ಲವೆಂಬುದು ಅವನ ಲೆಕ್ಕ. ಅಮೆರಿಕದ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ತನಿಖೆ ಮಾಡಿಸಿ, ತನ್ನ ರಾಯಭಾರಿಯೇ ತಪ್ಪು ಮಾಡಿದ್ದಾನೆಂದು ಕಂಡುಕೊಂಡು, ದ್ವೀಪಗಳನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲ. ಐದು ವರ್ಷ ಹವಾಯಿ ಡೋಲನ ಕೈಯಲ್ಲಿ, ಹೆಚ್ಚಿನ ಕಾಲ 'ಗಣರಾಜ್ಯ'ವೆಂಬ ಹೆಸರಿನಲ್ಲಿ, ಕಾದುಕುಳಿತಿತು. ಆ ಐದು ವರ್ಷಗಳಲ್ಲಿ ಅಮೆರಿಕದ ಮನಸ್ಸೇ ಬದಲಾಯಿತು.

ಬದಲಾಯಿಸಿದ ಸಂಗತಿಗಳು ಹಲವು. 1893ರಲ್ಲಿ ಅಲ್ಲಿ ಭಾರಿ ಆರ್ಥಿಕ ಕುಸಿತವಾಯಿತು. ಬ್ಯಾಂಕುಗಳು ಮುಚ್ಚಿದವು, ಲಕ್ಷಗಟ್ಟಲೆ ಜನ ಕೆಲಸ ಕಳೆದುಕೊಂಡರು. ನಮ್ಮ ಹಿರಿಯರ ಕಾಲದಲ್ಲಿ ಕಚ್ಚಾ ಹತ್ತಿ ಕಳಿಸುತ್ತಿದ್ದ ದೇಶ ಅಷ್ಟರಲ್ಲಿ ಕಾರ್ಖಾನೆಯ ಉತ್ಪಾದನೆಯಲ್ಲಿ ಇಂಗ್ಲೆಂಡನ್ನೂ ಹಿಂದೆ ಹಾಕಿತ್ತು. ಕಾರ್ಖಾನೆಗಳು ದೇಶಕ್ಕೆ ಬೇಕಾದುದಕ್ಕಿಂತ ಹೆಚ್ಚು ಮಾಡುತ್ತಿವೆ, ಹೊರಗಿನ ಪೇಟೆ ಸಿಗದಿದ್ದರೆ ದಂಗೆಗಳಾಗುತ್ತವೆ ಎಂಬ ಭಯ ಉದ್ಯಮಿಗಳಲ್ಲಿ ಹುಟ್ಟಿತು. ಚೀನದ ವಿಶಾಲ ಪೇಟೆಯ ಮೇಲೆ ಎಲ್ಲರ ಕಣ್ಣು. ಅದೇ ವರ್ಷ ಫ್ರೆಡರಿಕ್ ಜ್ಯಾಕ್ಸನ್ ಟರ್ನರ್ ಎಂಬ ತರುಣ ಇತಿಹಾಸಕಾರ, ಅಮೆರಿಕದೊಳಗಿನ ಹೊಸ ನೆಲದ ಅಂಚು ಮುಗಿದುಹೋಯಿತೆಂದು ಪ್ರತಿಪಾದಿಸಿದ. ಮೂಲನಿವಾಸಿಗಳನ್ನು ಹಿಂದೆ ಹಿಂದೆ ತಳ್ಳುತ್ತ ಪಶ್ಚಿಮಕ್ಕೆ ನಡೆದ ದೇಶ ಕಡಲ ದಂಡೆಗೆ ಬಂದು ನಿಂತಿತ್ತು. ನೌಕಾಪಡೆಯ ಅಧಿಕಾರಿ ಆಲ್ಫ್ರೆಡ್ ಮಹಾನ್ 1890ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕಡಲನ್ನು ಆಳುವವರದೇ ವ್ಯಾಪಾರ, ವ್ಯಾಪಾರ ಇದ್ದವರದೇ ವೈಭವ ಎಂದು ವಾದಿಸಿದ್ದ. ಆಗಿನ ಹಡಗುಗಳು ಕಲ್ಲಿದ್ದಲು ಉರಿಸಿ ಓಡುತ್ತಿದ್ದವು. ಚೀನಕ್ಕೆ ಹೋಗುವ ಹಡಗು ನಡುದಾರಿಯಲ್ಲಿ ಕಲ್ಲಿದ್ದಲು ತುಂಬಿಕೊಳ್ಳಬೇಕು. ನಕಾಶೆ ಬಿಡಿಸಿ ನೋಡಿದರೆ ಹವಾಯಿ, ಗುವಾಮ್, ಮನಿಲಾಗಳು ದೊಡ್ಡ ಹಳ್ಳ ದಾಟಲು ಹಾಕಿದ ಹೆಜ್ಜೆಗಲ್ಲುಗಳಂತೆ ಕಾಣುತ್ತವೆ. ಇದಕ್ಕೆಲ್ಲ ಮೇಲುಹೊದಿಕೆಯಾಗಿ, ಬಿಳಿಯ ಜನಾಂಗವೇ ಆಳಲು ಹುಟ್ಟಿದ್ದು ಎಂಬ ಶಾಸ್ತ್ರವೊಂದು ವಿದ್ವಾಂಸರ ಬಾಯಲ್ಲೂ ಪಾದ್ರಿಗಳ ಬಾಯಲ್ಲೂ ಓಡಾಡುತ್ತಿತ್ತು.

ಕಿಡಿ ತಾಗಿದ್ದು ಕ್ಯೂಬಾದಲ್ಲಿ. ಸ್ಪೇನಿನ ವಿರುದ್ಧ ಅಲ್ಲಿನ ಜನ ಹೋರಾಡುತ್ತಿದ್ದರು. 1898ರ ಫೆಬ್ರವರಿ 15ರಂದು ಹವಾನಾ ಬಂದರಿನಲ್ಲಿ ಅಮೆರಿಕದ 'ಮೇನ್' ಎಂಬ ಯುದ್ಧನೌಕೆ ಸಿಡಿದು ಇನ್ನೂರೈವತ್ತಕ್ಕೂ ಹೆಚ್ಚು ಮಂದಿ ಸತ್ತರು. ಕಾರಣ ತಿಳಿಯುವ ಮೊದಲೇ ನ್ಯೂಯಾರ್ಕಿನ ಪತ್ರಿಕೆಗಳು ಸ್ಪೇನನ್ನು ಅಪರಾಧಿಯಾಗಿಸಿ ಪೈಪೋಟಿಯ ಮೇಲೆ ಅಚ್ಚಾದವು. ಏಪ್ರಿಲ್‌ನಲ್ಲಿ ಯುದ್ಧ; ಕ್ಯೂಬಾದ ಬಿಡುಗಡೆಗೆಂದು ಆರಂಭವಾದ ಯುದ್ಧದ ಮೊದಲ ದೊಡ್ಡ ಕಾಳಗ ನಡೆದದ್ದು ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಮೇ 1ರಂದು ಮನಿಲಾ ಕೊಲ್ಲಿಯಲ್ಲಿ. ಡಿಸೆಂಬರ್ 10ರ ಪ್ಯಾರಿಸ್ ಒಪ್ಪಂದದಲ್ಲಿ ಪೋರ್ಟೊ ರಿಕೊ ಮತ್ತು ಗುವಾಮ್ ಅಮೆರಿಕಕ್ಕೆ ಬಂದವು. 2 ಕೋಟಿ ಡಾಲರು ಕೊಟ್ಟು ಫಿಲಿಪ್ಪೀನ್ಸನ್ನೂ ಪಡೆದುಕೊಂಡಿತು. ಯುದ್ಧದ ಅಮಲಿನಲ್ಲಿಯೇ ಹವಾಯಿಯ ಕೆಲಸವೂ ಮುಗಿದಿತ್ತು. ಹಿಂದಿನ ವರ್ಷ ಹವಾಯಿಯ ಜನ ವಿಲೀನ ಬೇಡವೆಂದು 21,000ಕ್ಕೂ ಹೆಚ್ಚು ರುಜುಗಳ ಮನವಿ ಕಳಿಸಿದ್ದರು. ಆಗ ನೆಲದ ಜನರ ಸಂಖ್ಯೆಯೇ ಸುಮಾರು 40,000. ಆ ಮನವಿಯ ಮುಂದೆ ವಿಲೀನದ ಒಪ್ಪಂದಕ್ಕೆ ಸೆನೆಟ್ಟಿನಲ್ಲಿ ಮೂರರಲ್ಲಿ ಎರಡು ಪಾಲಿನ ಮತ ಒದಗಲಿಲ್ಲ. 1898ರಲ್ಲಿ ಒಪ್ಪಂದದ ದಾರಿಯನ್ನೇ ಬಿಟ್ಟು, ಸರಳ ಬಹುಮತ ಸಾಕಾಗುವ ಜಂಟಿ ಗೊತ್ತುವಳಿ ತಂದರು. ಜುಲೈ 7ರಂದು ಅಧ್ಯಕ್ಷ ಮ್ಯಾಕಿನ್ಲಿ ಅದಕ್ಕೆ ರುಜು ಹಾಕಿದ.

ಕ್ಯೂಬಾವನ್ನು ನೇರವಾಗಿ ನುಂಗಲಿಲ್ಲ. ನುಂಗುವುದಿಲ್ಲವೆಂದು ಅಮೆರಿಕದ ಸಂಸತ್ತು ಮೊದಲೇ ಮಾತು ಕೊಟ್ಟಿತ್ತು. 1901ರ 'ಪ್ಲ್ಯಾಟ್ ತಿದ್ದುಪಡಿ'ಯಂತೆ ಕ್ಯೂಬಾಕ್ಕೆ ತನ್ನದೇ ಧ್ವಜ, ತನ್ನದೇ ಸರಕಾರ. ಆದರೆ ಪರರಾಜ್ಯಗಳೊಡನೆ ಮನಬಂದಂತೆ ಒಪ್ಪಂದ ಮಾಡುವಂತಿಲ್ಲ, ಬೇಕೆನಿಸಿದಾಗ ಅಮೆರಿಕ ಒಳಬರಬಹುದು, ನೌಕಾನೆಲೆಗೆ ಜಾಗ ಕೊಡಬೇಕು. ಅಕ್ಕಲಕೋಟದವರಿಗೆ ಈ ಏರ್ಪಾಟು ಹೊಸದೇನೂ ಅಲ್ಲ. 1848ರಲ್ಲಿ ಸಾತಾರೆಯ ರಾಜ್ಯವನ್ನು ಇಂಗ್ಲಿಷರು ಕಟ್ಟಿಕೊಂಡ ಮೇಲೆ ಅದರ ಜಹಗೀರಾಗಿದ್ದ ಅಕ್ಕಲಕೋಟ ಅವರ ಮಾಂಡಲಿಕ ಸಂಸ್ಥಾನವಾಯಿತು. ಭೋಸಲೆ ಮನೆತನದ ರಾಜರಿದ್ದರು, ಅರಮನೆಯಿತ್ತು. ಸೊಲ್ಲಾಪುರದ ಕಲೆಕ್ಟರೇ ಪೊಲಿಟಿಕಲ್ ಏಜೆಂಟನಾಗಿ ಮೇಲೆ ಕುಳಿತಿದ್ದ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಸೇರುವವರೆಗೂ ಇದೇ ಸ್ಥಿತಿ. ಕ್ಯೂಬಾದ ಆ ತಿದ್ದುಪಡಿ 1934ರಲ್ಲಿ ರದ್ದಾಯಿತು. ಗ್ವಾಂಟನಾಮೊದ ನೌಕಾನೆಲೆ ಇಂದಿಗೂ ಅಮೆರಿಕದ ಕೈಯಲ್ಲಿದೆ.

ಫಿಲಿಪ್ಪೀನ್ಸಿನ ಕಥೆ ರಕ್ತದ್ದು. ಸ್ಪೇನಿನ ವಿರುದ್ಧ ಹೋರಾಡಿ ಸ್ವಾತಂತ್ರ್ಯ ಸಾರಿದ್ದ ಜನರಿಗೆ, ಒಡೆಯ ಬದಲಾದನಷ್ಟೇ ಎಂದು ತಿಳಿಯಿತು. 1899ರ ಫೆಬ್ರವರಿ 4ರಂದು ಕದನ ಹತ್ತಿತು. ಮೂರು ವರ್ಷಗಳ ಯುದ್ಧದಲ್ಲಿ ಅಮೆರಿಕದ ನಾಲ್ಕು ಸಾವಿರಕ್ಕೂ ಹೆಚ್ಚು ಸೈನಿಕರು, ಫಿಲಿಪ್ಪೀನ್ಸಿನ ಸುಮಾರು ಇಪ್ಪತ್ತು ಸಾವಿರ ಹೋರಾಟಗಾರರು ಸತ್ತರು. ಹಸಿವು ರೋಗಗಳಿಂದ ಸತ್ತ ಜನಸಾಮಾನ್ಯರ ಸಂಖ್ಯೆ ಎರಡು ಲಕ್ಷವೆಂದು ಅಂದಾಜು. ಕದನ ಹತ್ತಿದ ಆ ತಿಂಗಳಲ್ಲಿಯೇ, ಮುಂಬಯಿಯಲ್ಲಿ ಹುಟ್ಟಿದ ಇಂಗ್ಲಿಷ್ ಕವಿ ಕಿಪ್ಲಿಂಗ್, ಬಿಳಿಯರ ಹೊರೆಯೆಂಬ ತನ್ನ ಪದ್ಯವನ್ನು ಪ್ರಕಟಿಸಿ, ಇಂಗ್ಲೆಂಡು ನಮ್ಮಂಥವರ ಮೇಲೆ ಹೊತ್ತ ಭಾರವನ್ನು ಅಮೆರಿಕವೂ ಹೊರಲಿ ಎಂದು ಉಪದೇಶಿಸಿದ. ಹೊರೆ ಹೊತ್ತವರಾರು ಎಂಬುದನ್ನು ಹೊರೆಯ ಅಡಿಯಲ್ಲಿದ್ದವರನ್ನು ಕೇಳುವ ಪದ್ಧತಿ ಆಗ ಇರಲಿಲ್ಲ.

ಅಮೆರಿಕದವರೆಲ್ಲರೂ ಇದನ್ನು ಒಪ್ಪಿದರೆಂದು ತಿಳಿಯಬಾರದು. ಸಾಮ್ರಾಜ್ಯವಿರೋಧಿ ಸಂಘವೊಂದು 1898ರಲ್ಲಿಯೇ ಸ್ಥಾಪನೆಯಾಯಿತು, ಅದೂ ಬೋಸ್ಟನ್ನಿನಲ್ಲಿ. 1896ರಲ್ಲಿ ಮುಂಬಯಿಗೆ ಬಂದು ಉಪನ್ಯಾಸ ಮಾಡಿ ಹೋಗಿದ್ದ ಹಾಸ್ಯಸಾಹಿತಿ ಮಾರ್ಕ್ ಟ್ವೇನ್ 1901ರಿಂದ ತೀರಿಕೊಳ್ಳುವವರೆಗೂ ಅದರ ಉಪಾಧ್ಯಕ್ಷರಲ್ಲಿ ಒಬ್ಬ. ಉಕ್ಕಿನ ಸಾಹುಕಾರ ಕಾರ್ನೆಗಿಯೂ ಅದರಲ್ಲಿದ್ದ. ಅವರ ವಾದ ಸರಳ: ಪ್ರಜೆಗಳ ಒಪ್ಪಿಗೆಯಿಲ್ಲದೆ ಆಳುವುದು ತಪ್ಪೆಂದು 1776ರಲ್ಲಿ ಸಾರಿದ ದೇಶ ಈಗ ಅದನ್ನೇ ಮಾಡಬಹುದೇ? ಅವರು ಸೋತರು. ಸೋತವರ ಹೆಸರೂ ಪಾಠದಲ್ಲಿ ಇರಬೇಕೆಂದು ನಮ್ಮ ಅಭಿಪ್ರಾಯ.

ಇನ್ನು ಶಾಲೆಯ ವಿಷಯಕ್ಕೆ ಬರೋಣ. ಮ್ಯಾಕಿನ್ಲಿ ಫಿಲಿಪ್ಪೀನ್ಸಿನ ನೀತಿಗೆ 'ಹಿತಚಿಂತಕ ಸಮೀಕರಣ' ಎಂಬರ್ಥದ ಹೆಸರು ಕೊಟ್ಟಿದ್ದ. ಅನಾಗರಿಕರನ್ನು ಓದಿಸಿ ಉದ್ಧರಿಸುವುದೇ ಗುರಿಯೆಂದು ಅವನ ಪಕ್ಷದವರು ಸಾರಿದರು. ಮನಿಲಾದ ಸಾಂತೊ ತೊಮಾಸ್ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1611ರಲ್ಲಿ. ಅಮೆರಿಕದ ಅತ್ಯಂತ ಹಳೆಯ ವಿದ್ಯಾಸಂಸ್ಥೆಯಾದ ಹಾರ್ವರ್ಡ್ 1636ರದು. 1901ರ ಆಗಸ್ಟಿನಲ್ಲಿ 'ಥಾಮಸ್' ಎಂಬ ಸೈನ್ಯದ ಹಡಗಿನಲ್ಲಿ ಸುಮಾರು 500 ಮಂದಿ ಅಮೆರಿಕನ್ ಶಿಕ್ಷಕರು ಬಂದಿಳಿದು ಊರೂರಿಗೆ ಹಂಚಿಹೋದರು. ಅವರಲ್ಲಿ ಶ್ರದ್ಧಾವಂತರು ಬಹಳ. ರೋಗಕ್ಕೆ ತುತ್ತಾಗಿ ಸತ್ತವರೂ ಇದ್ದರು. ಆದರೆ ಮೊದಲನೆಯ ಇಯತ್ತೆಯಿಂದಲೇ ಇಂಗ್ಲಿಷು. ಮಕ್ಕಳ ಮನೆಮಾತು ಶಾಲೆಯ ಹೊಸ್ತಿಲ ಹೊರಗೇ ಉಳಿಯಬೇಕಾಯಿತು. ಇಂಗ್ಲಿಷರು ಕೂಡ ನಮ್ಮಲ್ಲಿ ಪ್ರಾಥಮಿಕ ಶಾಲೆಗೆ ದೇಶಭಾಷೆಯನ್ನೇ ಇಟ್ಟುಕೊಂಡಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಕಾಲು ಶತಮಾನದ ಮೇಲೆ, 1925ರಲ್ಲಿ, ಸುಮಾರು ನಮ್ಮ ಶಾಲೆಯ ಹುಟ್ಟಿನ ಕಾಲದಲ್ಲಿ, ಅಮೆರಿಕದ ವಿದ್ವಾಂಸರದೇ ಒಂದು ಸಮಿತಿ ಈ ಶಾಲೆಗಳನ್ನು ಪರೀಕ್ಷಿಸಿತು. ಬಹುಪಾಲು ಮಕ್ಕಳು ನಾಲ್ಕನೆಯ ಇಯತ್ತೆಯನ್ನೇ ದಾಟುವುದಿಲ್ಲ, ಪರಭಾಷೆಯ ತೊಡಕು ಅವರ ಕಲಿಕೆಗೆ ಅಡ್ಡಿಯಾಗಿದೆ ಎಂದು ಅದು ಕಂಡುಕೊಂಡಿತು.

ಹವಾಯಿಯಲ್ಲಿ ಇದಕ್ಕೂ ಮೊದಲೇ ಆಗಿತ್ತು. ಡೋಲನ ಗಣರಾಜ್ಯವು 1896ರಲ್ಲಿ ಒಂದು ಕಾಯದೆ ಮಾಡಿತು: ಸರಕಾರಿಯಾಗಲಿ ಖಾಸಗಿಯಾಗಲಿ, ಎಲ್ಲ ಶಾಲೆಗಳ ಬೋಧನಾ ಮಾಧ್ಯಮ ಇಂಗ್ಲಿಷ್, ಹಾಗಿಲ್ಲದ ಶಾಲೆಗೆ ಮಾನ್ಯತೆಯಿಲ್ಲ. ಹವಾಯಿ ಭಾಷೆಯನ್ನು ನಿಷೇಧಿಸುತ್ತೇವೆಂದು ಕಾಯದೆ ಎಲ್ಲಿಯೂ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಕೆಲವೇ ವರ್ಷಗಳಲ್ಲಿ ಹವಾಯಿ ಮಾಧ್ಯಮದ ಶಾಲೆಗಳು ಒಂದೊಂದಾಗಿ ಮುಚ್ಚಿಹೋದವು. ಶಾಲೆಯಲ್ಲಿ ಮನೆಮಾತಾಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ಮುಂದಿನದು ಕಾಯದೆಯ ಕೆಲಸವಾಗಿರಲಿಲ್ಲ. ಹೊಡೆತ ತಿಂದ ಮಕ್ಕಳು ದೊಡ್ಡವರಾಗಿ ತಾಯ್ತಂದೆಗಳಾದಾಗ, ತಮಗಾದದ್ದು ತಮ್ಮ ಮಕ್ಕಳಿಗೆ ಆಗದಿರಲೆಂದು, ಒಳ್ಳೆಯ ನೌಕರಿ ಸಿಗಲೆಂದು, ಮನೆಯೊಳಗೂ ಇಂಗ್ಲಿಷನ್ನೇ ಆಡಿದರು. ಅವರು ಮಕ್ಕಳನ್ನು ಪ್ರೀತಿಸಿದ್ದರಿಂದಲೇ ಹಾಗೆ ಮಾಡಿದರು. ಅಜ್ಜ ಅಜ್ಜಿಯರು ತಮ್ಮತಮ್ಮೊಳಗೆ ಹವಾಯಿ ಮಾತಾಡಿಕೊಳ್ಳುವುದು, ಮೊಮ್ಮಕ್ಕಳು ಹತ್ತಿರ ಬಂದೊಡನೆ ಮಾತು ಬದಲಿಸುವುದು ಮನೆಮನೆಯ ಪದ್ಧತಿಯಾಯಿತು. 1980ರ ದಶಕದ ಆರಂಭಕ್ಕೆ ಆ ಭಾಷೆಯನ್ನು ಸಹಜವಾಗಿ ಆಡಬಲ್ಲ 18 ವರ್ಷದೊಳಗಿನ ಮಕ್ಕಳು ಐವತ್ತಕ್ಕಿಂತ ಕಡಿಮೆ. ಅವರಲ್ಲಿ ಹೆಚ್ಚಿನವರು ನೀಹೌ ಎಂಬ ಒಂದೇ ಪುಟ್ಟ ದ್ವೀಪದವರು.

ನಮ್ಮ ಸ್ಥಿತಿ ಹವಾಯಿಯದಲ್ಲ. ಇದನ್ನು ಸ್ಪಷ್ಟವಾಗಿ ಹೇಳುವುದು ಅಗತ್ಯ, ಏಕೆಂದರೆ ಗಡಿಯ ವಿಷಯದಲ್ಲಿ ಅತಿಮಾತಿಗೆ ನಮ್ಮಲ್ಲಿ ಕೊರತೆಯಿಲ್ಲ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಒದಗಿಸುವಂತೆ ನಮ್ಮ ಸಂವಿಧಾನದ 350-ಎ ವಿಧಿ ಪ್ರತಿ ರಾಜ್ಯಕ್ಕೂ ಹೇಳುತ್ತದೆ; 1956ರ ಏಳನೆಯ ತಿದ್ದುಪಡಿಯಿಂದ ಬಂದ ವಿಧಿ ಅದು. ಮಹಾರಾಷ್ಟ್ರ ಸರಕಾರದ ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡದಲ್ಲಿ ಪಠ್ಯಪುಸ್ತಕಗಳನ್ನು ಅಚ್ಚುಮಾಡಿ ನಮ್ಮ ಮಕ್ಕಳ ಕೈಗೆ ಕೊಡುತ್ತದೆ. ಮರಾಠಿ ಮಾತಾಡುವ ನೆರೆಯವರು ನಮ್ಮ ಒಡೆಯರಲ್ಲ, ಒಡನಾಡಿಗಳು. ಈ ಸೀಮೆಯಲ್ಲಿ ಒಂದೇ ಓಣಿಯಲ್ಲಿ, ಅನೇಕ ಕಡೆ ಒಂದೇ ಮನೆಯಲ್ಲಿ, ಎರಡೂ ಮಾತು ನಡೆಯುತ್ತವೆ. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ ಕನ್ನಡದಲ್ಲಿ ಮಹಾಕಾವ್ಯ ಬರೆದು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವೇರಿದ್ದು ಈ ನೆಲದ ನೀರು ಕುಡಿದೇ. ನಮ್ಮ ಶಾಲೆಯನ್ನು ಮುಚ್ಚಿಸಲು ಯಾವ ಯುದ್ಧನೌಕೆಯೂ ಬರುವುದಿಲ್ಲ. ನಮಗೆ ತಟ್ಟುವುದು ಹವಾಯಿಯ ಕಥೆಯ ಎರಡನೆಯ ಅರ್ಧ, ಕಾಯದೆ ಮುಗಿದು ತಾಯ್ತಂದೆಯರ ಪ್ರೀತಿ ಆರಂಭವಾಗುವ ಭಾಗ. ಬೆಳಿಗ್ಗೆ ಊರಿನಿಂದ ಊರಿಗೆ ಬಂದು ಎಳೆಯ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ತುಂಬಿಕೊಂಡು ಹೋಗುವ ವಾಹನಗಳನ್ನು ನಾವೆಲ್ಲರೂ ದಿನವೂ ಕಾಣುತ್ತೇವೆ. ಅದರಲ್ಲಿ ಮಕ್ಕಳನ್ನು ಕೂರಿಸುವ ಪಾಲಕರನ್ನು ದೂರುವುದು ಸುಲಭ. ಅವರ ಎಣಿಕೆಯಲ್ಲಿ ತಥ್ಯವಿಲ್ಲವೆಂದು ಹೇಳುವುದು ಸುಲಭವಲ್ಲ. ನೌಕರಿಯ ಪ್ರಶ್ನೆಗೆ ಕನ್ನಡ ಶಾಲೆ ಉತ್ತರ ಕೊಡಬೇಕಾಗಿದೆ. ಗಣಿತ, ವಿಜ್ಞಾನಗಳನ್ನು ಕನ್ನಡದಲ್ಲಿ ಗಟ್ಟಿಯಾಗಿ ಕಲಿಸಿ, ಇಂಗ್ಲಿಷನ್ನು ಒಂದು ಭಾಷೆಯಾಗಿ ಈಗಿನದಕ್ಕಿಂತ ಎಷ್ಟೋ ಚೆನ್ನಾಗಿ ಕಲಿಸುವ ಶಾಲೆ ಮಾತ್ರ ಆ ಉತ್ತರ ಕೊಡಬಲ್ಲುದು. ಆಡಳಿತ ಮಂಡಳಿಯವರು, ಮಾಜಿ ವಿದ್ಯಾರ್ಥಿಗಳು ಈ ಶತಮಾನೋತ್ಸವದ ನಿಧಿಯನ್ನು ಕಮಾನು ಕಟ್ಟಲು ಬಳಸುವ ಮೊದಲು ಇಂಥ ಒಬ್ಬಿಬ್ಬರು ಶಿಕ್ಷಕರ ಸಂಬಳಕ್ಕೆ ತೆಗೆದಿರಿಸಲಿ ಎಂಬುದು ನಮ್ಮ ವಿನಂತಿ.

ಹವಾಯಿಯ ಕಥೆ ಅಲ್ಲಿಗೇ ನಿಲ್ಲಲಿಲ್ಲ. 1978ರಲ್ಲಿ ಆ ರಾಜ್ಯದ ಸಂವಿಧಾನವನ್ನು ತಿದ್ದಿ ಹವಾಯಿ ಭಾಷೆಯನ್ನು ಇಂಗ್ಲಿಷಿನ ಜೊತೆಗೆ ಅಧಿಕೃತವಾಗಿಸಿದರು. 1984ರಲ್ಲಿ ಕೆಲವು ತಾಯ್ತಂದೆಗಳು ಸೇರಿ 'ಪೂನಾನ ಲಿಯೊ', ಎಂದರೆ ನುಡಿಯ ಗೂಡು, ಎಂಬ ಶಿಶುವಿಹಾರ ತೆರೆದರು. ಒಳಗೆ ಹವಾಯಿ ಮಾತು ಮಾತ್ರ. 1896ರ ಕಾಯದೆಯ ನೆರಳಿನ್ನೂ ಉಳಿದಿದ್ದರಿಂದ, ಸರಕಾರಿ ಶಾಲೆಗಳಲ್ಲಿ ಹವಾಯಿ ಮಾಧ್ಯಮಕ್ಕಿದ್ದ ಅಡ್ಡಿ ತೆಗೆಸಲು ಅವರು ಶಾಸನಸಭೆಯ ಮೆಟ್ಟಿಲು ಹತ್ತಿಳಿಯಬೇಕಾಯಿತು. 1993ರಲ್ಲಿ, ರಾಣಿಯನ್ನು ಇಳಿಸಿದ ನೂರನೆಯ ವರ್ಷ, ಅಮೆರಿಕದ ಸಂಸತ್ತು ಗೊತ್ತುವಳಿ ಮಾಡಿ ಕ್ಷಮೆ ಕೇಳಿತು, ರಾಜ್ಯವನ್ನೇನೂ ಹಿಂದಿರುಗಿಸಲಿಲ್ಲ. ಗೂಡಿನಿಂದ ಹೊರಟ ಮಕ್ಕಳು ಮೇಲಿನ ಇಯತ್ತೆಗಳಿಗೆ ಏರಿದಂತೆ ಅವರ ನುಡಿಯಲ್ಲಿ ಪುಸ್ತಕಗಳಿರಲಿಲ್ಲ. ತಾಯ್ತಂದೆಗಳೂ ಶಿಕ್ಷಕರೂ ಹೊತ್ತು ಸಾಲದೆ ರಾತ್ರಿಯೂ ಕುಳಿತು ಇಂಗ್ಲಿಷ್ ಪುಸ್ತಕಗಳ ಸಾಲುಗಳನ್ನು ಅನುವಾದಿಸಿ, ಚೀಟಿಗಳಾಗಿ ಕತ್ತರಿಸಿ, ಚಿತ್ರಗಳನ್ನು ಹಾಗೆಯೇ ಬಿಟ್ಟು, ಇಂಗ್ಲಿಷ್ ಅಕ್ಷರಗಳ ಮೇಲೆ ಅಂಟಿಸುತ್ತಿದ್ದರು. ಅವರಲ್ಲಿ ಹಲವರಿಗೆ ಆ ಭಾಷೆ ಮನೆಯಲ್ಲಿ ಸಿಕ್ಕಿರಲಿಲ್ಲ. ದೊಡ್ಡವರಾದ ಮೇಲೆ, ಮಕ್ಕಳ ಜೊತೆಯಲ್ಲಿಯೇ, ಅವರೂ ಕಲಿಯುತ್ತಿದ್ದರು.